ಹಳೆಯ ಹೋಂಡಾ ಸಿಟಿಗೆ 85,000 ರೂಪಾಯಿ ಅಂದಾಜು: ಯಾವ ಕೆಲಸ ಮೊದಲು, ಯಾವುದು ಬೇಡ?

ಪ್ರಶ್ನೆ: ಎರಡು ತಿಂಗಳ ಹಿಂದೆ 2011ರ ಹೋಂಡಾ ಸಿಟಿ ಪೆಟ್ರೋಲ್ ಕಾರನ್ನು 2.60 ಲಕ್ಷ ರೂಪಾಯಿಗೆ ಕೊಂಡೆ. 1.12 ಲಕ್ಷ ಕಿಲೋಮೀಟರ್ ಓಡಿದೆ. ಹಂಪ್ ಇಳಿಯುವಾಗ ಮುಂದಿನ ಚಕ್ರಗಳ ಬಳಿ ‘ಟಕ ಟಕ’ ಸದ್ದು ಬರುತ್ತದೆ. ಎಸಿ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತರೆ ಸ್ಟೇರಿಂಗ್ ನಡುಗುತ್ತದೆ. ಕಳೆದ ವಾರ ಮಂಗಳೂರಿನಿಂದ ಮರಳುವಾಗ ಶಿರಾಡಿ ಘಾಟಿಯಲ್ಲಿ ಉಷ್ಣತೆಯ ಕೆಂಪು ದೀಪ ಹೊತ್ತಿಕೊಂಡಿತು. ನಿಲ್ಲಿಸಿ, ನೀರು ಹಾಕಿ ಹೇಗೋ ಊರು ಸೇರಿದೆವು. ಗ್ಯಾರೇಜಿನವರು ಸಸ್ಪೆನ್ಷನ್‌ಗೆ 32,000, ಎಂಜಿನ್ ಮೌಂಟ್‌ಗಳಿಗೆ 15,000, ಕ್ಲಚ್‌ಗೆ 12,000, ರೇಡಿಯೇಟರ್ ಮತ್ತು ಫ್ಯಾನ್‌ಗೆ 16,000, ಸರ್ವಿಸ್‌ಗೆ 10,000 ಎಂದು ಬರೆದುಕೊಟ್ಟಿದ್ದಾರೆ. ಮಾಡಿಸಲೇ, ಅಥವಾ ಬಂದಷ್ಟಕ್ಕೆ ಮಾರಿಬಿಡಲೇ?
— ಓದುಗರೊಬ್ಬರು, ಹಾಸನ

ಉತ್ತರ: ಮಾರಬೇಡಿ. ಹಾಗೆಂದು ಆ ಚೀಟಿಗೆ ಪೂರ್ತಿ ಒಪ್ಪಿಗೆಯನ್ನೂ ಕೊಡಬೇಡಿ. ಅದರಲ್ಲಿ ನಿಜವಾಗಿ ತುರ್ತಾದದ್ದು ಒಂದೇ ಕೆಲಸ. ಅದು ನಾಲ್ಕನೆಯ ಸಾಲಿನಲ್ಲಿ ಕುಳಿತಿದೆ: ಎಂಜಿನ್ ತಂಪಾಗಿಸುವ ವ್ಯವಸ್ಥೆ. ಅದು ಸರಿಯಾಗುವ ತನಕ ಕಾರನ್ನು ಘಾಟಿಗೆ ಒಯ್ಯಬೇಡಿ. ಊರೊಳಗೆ ಓಡಿಸುವುದನ್ನೂ ಆದಷ್ಟು ತಪ್ಪಿಸಿ.

2008ರಿಂದ 2013ರ ತನಕ ಬಂದ ಈ ಪೀಳಿಗೆಯ ಸಿಟಿಯಲ್ಲಿ ಎಂಜಿನ್ ಉಷ್ಣತೆ ತೋರಿಸುವ ಮುಳ್ಳಿನ ಮೀಟರ್ ಇಲ್ಲ. ಎಂಜಿನ್ ತಣ್ಣಗಿರುವಾಗ ನೀಲಿ ದೀಪ, ಮಿತಿ ಮೀರಿ ಕಾದಾಗ ಕೆಂಪು ದೀಪ, ಅಷ್ಟೇ. ನಡುವೆ ನಿಧಾನವಾಗಿ ಏರುವ ಬಿಸಿ ಚಾಲಕನಿಗೆ ಕಾಣುವುದೇ ಇಲ್ಲ. ಹೀಗಾಗಿ ಕೆಂಪು ದೀಪವನ್ನು ಮೊದಲ ಎಚ್ಚರಿಕೆ ಎಂದು ತಿಳಿಯಬಾರದು, ಅದು ಕೊನೆಯದು. ದೀಪ ಹೊತ್ತಿದ ಮೇಲೂ ಹತ್ತು ನಿಮಿಷ ಏರು ಹತ್ತಿಸಿದರೆ ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಬಾಗಿ, ಅದರ ಕೆಳಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಗಬಹುದು. ಹೆಡ್ ಇಳಿಸಿ, ಫೇಸಿಂಗ್ (ಮೇಲ್ಮೈ ಸಮತಟ್ಟು) ಮಾಡಿಸಿ, ಗ್ಯಾಸ್ಕೆಟ್ ಹಾಕಿಸಲು ಹೊರಗಿನ ಗ್ಯಾರೇಜಿನಲ್ಲೂ ಸುಮಾರು 25,000ದಿಂದ 40,000 ರೂಪಾಯಿ ಹಿಡಿಯುತ್ತದೆ. ನೀವು ಗಾಡಿ ನಿಲ್ಲಿಸಿದ್ದು ಸರಿಯಾದ ಕೆಲಸ. ಆದರೆ ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಇನ್ನೆಂದೂ ತಕ್ಷಣ ತೆಗೆಯಬೇಡಿ. ಕುದಿನೀರು ಮುಖಕ್ಕೆ ಚಿಮ್ಮಿ ಬೆಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ರೇಡಿಯೇಟರ್ ಬದಲಿಸುವ ಮೊದಲು ಕಾರಣ ಹುಡುಕಿಸಿ. ಎಸಿ ಹಾಕಿದ ಕೂಡಲೇ ರೇಡಿಯೇಟರ್ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ರಿಲೇ, ಫ್ಯೂಸ್, ಮೋಟಾರ್ ಮೂರನ್ನೂ ನೋಡಲಿ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ವರ್ಷಗಳ ದೂಳು, ಸತ್ತ ಹುಳುಗಳು ಗಟ್ಟಿಯಾಗಿ ಕೂತಿರುತ್ತವೆ. ಬಿಚ್ಚಿ ತೊಳೆದರೆ ಅರ್ಧ ಸಮಸ್ಯೆ ಮುಗಿದ ಉದಾಹರಣೆಗಳಿವೆ. ಕೂಲೆಂಟ್‌ನ (ಎಂಜಿನ್ ತಂಪಾಗಿಸುವ ದ್ರವ) ಹರಿವನ್ನು ಬಿಸಿಗೆ ತಕ್ಕಂತೆ ಬಿಡುವ ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಮುಚ್ಚಳ ಹೊಸದು ಹಾಕಿಸಿ, ಎರಡೂ ಸೇರಿ ಎರಡು-ಮೂರು ಸಾವಿರ ರೂಪಾಯಿ ಆದೀತು. ರೇಡಿಯೇಟರ್‌ನ ಪ್ಲಾಸ್ಟಿಕ್ ತೊಟ್ಟಿ ಬಿರುಕು ಬಿಟ್ಟಿದ್ದರೆ ಮಾತ್ರ ಪೂರ್ತಿ ಬದಲಿಸಿ. ಹಿಂದಿನ ಮಾಲೀಕರು ನಲ್ಲಿ ನೀರನ್ನೇ ತುಂಬುತ್ತಾ ಬಂದಿದ್ದರೆ ಕೂಲೆಂಟ್ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಆಗ ಪೂರ್ತಿ ಖಾಲಿ ಮಾಡಿ, ತೊಳೆದು, ಹೊಸ ಕೂಲೆಂಟ್ ತುಂಬಬೇಕು. ಎಂಜಿನ್ ಓಡುವಾಗ ಕೂಲೆಂಟ್ ಡಬ್ಬಿಯಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ, ಅಥವಾ ಆಯಿಲ್ ಮುಚ್ಚಳದೊಳಗೆ ಹಾಲು ಬೆರೆತಂಥ ಕೆನೆ ಕಂಡರೆ, ಗ್ಯಾಸ್ಕೆಟ್ ಆಗಲೇ ಹೋಗಿದೆ ಎಂಬ ಅನುಮಾನ ಬರಬೇಕು. ‘ಮಾರಬೇಡಿ’ ಎಂದ ನನ್ನ ಮಾತನ್ನು ನಾನೇ ಮರಳಿ ತೂಗಿ ನೋಡುವುದು ಆ ಸಂದರ್ಭದಲ್ಲಿ ಮಾತ್ರ.

ಇನ್ನು ನಡುಕ. ಎಂಜಿನ್ನನ್ನು ಹೊತ್ತು ಅದರ ನಡುಕ ಹೀರುವ ಆಸರೆಯೇ ಮೌಂಟ್. ಎಂಜಿನ್ ಬದಿಯ, ಒಳಗೆ ದ್ರವ ತುಂಬಿದ ಮೌಂಟ್ ಈ ವಯಸ್ಸಿಗೆ ಸೋಲುವುದು ಸಹಜ. ಆದರೆ ಒಂದು ಸೋತಿತೆಂದು ಎಲ್ಲವನ್ನೂ ಬದಲಿಸಬೇಕಿಲ್ಲ. ಹಾಳಾದ ಒಂದಕ್ಕೆ ಮೂರರಿಂದ ಐದು ಸಾವಿರ ರೂಪಾಯಿ ಸಾಕು. ಅದಕ್ಕೂ ಮುನ್ನ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೊಳೆಸಿ, ಪ್ಲಗ್ ಪರೀಕ್ಷಿಸಿ, ವಾಲ್ವ್‌ಗಳನ್ನು ಒತ್ತುವ ಟ್ಯಾಪೆಟ್‌ಗಳ ಅಂತರ ಅಳೆಸಿ. ಈ ಎಂಜಿನ್ನಿನಲ್ಲಿ ಟ್ಯಾಪೆಟ್‌ಗಳನ್ನು ಕೈಯಿಂದಲೇ ಹೊಂದಿಸಬೇಕು, ತಮ್ಮಷ್ಟಕ್ಕೆ ಸರಿಹೋಗುವ ಬಗೆಯವಲ್ಲ. ಲಕ್ಷ ಕಿಲೋಮೀಟರ್ ದಾಟಿದರೂ ಒಮ್ಮೆಯೂ ಅದನ್ನು ಮುಟ್ಟದ ಕಾರುಗಳೇ ಹೆಚ್ಚು. ಟೈಮಿಂಗ್‌ಗೆ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚಲು) ಇರುವುದು ಬೆಲ್ಟ್ ಅಲ್ಲ, ಚೈನ್. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದರೆ ಅದರ ಚಿಂತೆ ಬೇಡ.

ಟಕ ಟಕ ಸದ್ದಿಗೆ ಮೊದಲು ಸಸ್ಪೆನ್ಷನ್‌ನ ಲಿಂಕ್ ರಾಡ್, ಆಮೇಲೆ ಲೋವರ್ ಆರ್ಮ್ ಬುಷ್, ಸ್ಟ್ರಟ್ ಮೌಂಟ್, ಸ್ಟೇರಿಂಗ್ ರ‍್ಯಾಕ್, ಈ ಕ್ರಮದಲ್ಲಿ ನೋಡಿಸಿ. ಲಿಂಕ್ ರಾಡ್ ಜೋಡಿಗೆ ಎರಡೂವರೆ ಸಾವಿರದೊಳಗೆ, ಲೋವರ್ ಆರ್ಮ್ ಜೋಡಿಗೆ ಐದರಿಂದ ಏಳು ಸಾವಿರ. ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರುತ್ತಿದ್ದರೆ ಮಾತ್ರ ಅದನ್ನು ಬದಲಿಸಿ. ಆಗಲೂ ಎಡ, ಬಲ ಎರಡನ್ನೂ ಒಟ್ಟಿಗೇ ಹಾಕಿಸಬೇಕು.

ಕ್ಲಚ್ ವಿಷಯ ಸುಲಭ. ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಎಂಜಿನ್ ಮಾತ್ರ ಕೂಗಿದರೆ ಪ್ಲೇಟ್ ಸವೆದಿದೆ. ಇಲ್ಲವಾದರೆ ಆ 12,000 ನಿಮ್ಮ ಜೇಬಿನಲ್ಲೇ ಇರಲಿ.

ಹೀಗೆ ಮಾಡಿದರೆ ಈಗ 30,000ದಿಂದ 40,000ದೊಳಗೆ ಮುಗಿಯಬೇಕು. ಪ್ರತಿ ಹಳೆಯ ಭಾಗವನ್ನೂ ಕೇಳಿ ವಾಪಸ್ ಪಡೆಯಿರಿ. ಬುಷ್, ಮೌಂಟ್‌ಗಳಲ್ಲಿ ಅಗ್ಗದ ನಕಲಿ ಮಾಲು ಬೇಡ, ವರ್ಷದೊಳಗೆ ಅದೇ ಸದ್ದು ಮರಳುತ್ತದೆ. ಬಾಗಿಲಿನ ಹಿಡಿ, ಕನ್ನಡಿ, ದೀಪದಂಥವನ್ನು ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ನೋಡಬಹುದು. ಬ್ರೇಕ್ ಮತ್ತು ಸ್ಟೇರಿಂಗ್ ಭಾಗಗಳನ್ನು ಮಾತ್ರ ಅಲ್ಲಿಂದ ತರಲೇಬೇಡಿ.

ನೀವು ಕೇಳದ ಎರಡು ಸಂಗತಿಗಳನ್ನು ಹೇಳಲೇಬೇಕು. ತಕಾತಾ ಕಂಪನಿಯ ಇನ್‌ಫ್ಲೇಟರ್ (ಏರ್‌ಬ್ಯಾಗ್ ಉಬ್ಬಿಸುವ ಭಾಗ) ದೋಷಕ್ಕಾಗಿ ಹೋಂಡಾ ಭಾರತದಲ್ಲೂ ಹಲವು ಹಂತಗಳಲ್ಲಿ ಕಾರುಗಳನ್ನು ಹಿಂದಕ್ಕೆ ಕರೆದಿತ್ತು. ಈ ಪೀಳಿಗೆಯ ಸಿಟಿಗಳೂ ಅವುಗಳಲ್ಲಿದ್ದವು. ಆ ಇನ್‌ಫ್ಲೇಟರ್ ಒಡೆದರೆ ಲೋಹದ ಚೂರುಗಳು ಕೂತವರ ಮೇಲೆರಗುತ್ತವೆ. ಆರ್‌ಸಿಯಲ್ಲಿರುವ 17 ಅಂಕಿ-ಅಕ್ಷರಗಳ ಚಾಸಿ ಸಂಖ್ಯೆಯನ್ನು ಹೋಂಡಾ ಜಾಲತಾಣದಲ್ಲಿ ಹಾಕಿ ನೋಡಿ. ಬದಲಿಸಬೇಕಿದ್ದರೆ ಉಚಿತವಾಗಿ ಮಾಡಿಕೊಡುತ್ತಾರೆ. ಇದನ್ನು ಇಂದೇ ಮಾಡಿ.

ಇನ್ನೊಂದು, ಕಾಗದದ ಕೆಲಸ. ಕಾರಿನ ನೋಂದಣಿಗೆ ಹದಿನೈದು ವರ್ಷ ತುಂಬುವ ಮೊದಲಿನ 60 ದಿನಗಳಲ್ಲಿ ನಮೂನೆ 25ರಲ್ಲಿ ಆರ್‌ಟಿಒಗೆ ಅರ್ಜಿ ಹಾಕಬೇಕು. ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಗಿದೆ. ಹಸಿರು ತೆರಿಗೆ ಬೇರೆ. ಗಾಡಿಯ ತಪಾಸಣೆ ನಡೆಯುತ್ತದೆ, ಪಾಸಾದರೆ ಐದು ವರ್ಷಗಳ ಅವಧಿ ಸಿಗುತ್ತದೆ. ವಿಮೆ ಇನ್ನೂ ಹಿಂದಿನವರ ಹೆಸರಿನಲ್ಲಿದ್ದರೆ ತಡಮಾಡದೆ ಬದಲಿಸಿಕೊಳ್ಳಿ, ಅದಕ್ಕೆ ಕಾನೂನು ಕೊಡುವ ಕಾಲ 14 ದಿನ ಮಾತ್ರ.

ಪ್ರಶ್ನೆ: ದೆಹಲಿಯ ಒಂಬತ್ತು ವರ್ಷದ ಡೀಸೆಲ್ ಸೆಡಾನ್ ಇಲ್ಲಿನ ಅರ್ಧ ಬೆಲೆಗೆ ಸಿಗುತ್ತಿದೆ. ತರಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೆಲೆ ಇಳಿದಿರುವುದಕ್ಕೆ ಕಾರಣವಿದೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ದೆಹಲಿ ವಲಯದಲ್ಲಿ ಹಸಿರು ನ್ಯಾಯಮಂಡಳಿ ಹಾಕಿದ ತಡೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು, 2025ರಲ್ಲಿ ಅದೇ ಕೋರ್ಟ್ ಅದನ್ನು ಸಡಿಲಿಸಿತು. ಅಲ್ಲಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ನೋಂದಾಯಿಸುವಾಗ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಸಾಗಾಟದ ಖರ್ಚೂ ಸೇರಿದರೆ ಉಳಿತಾಯದ ದೊಡ್ಡ ಪಾಲು ಕರಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಚಿಮ್ಮಿಸುವ ಒಂದೊಂದು ಇಂಜೆಕ್ಟರ್‌ಗೂ ಹತ್ತು ಸಾವಿರಕ್ಕೂ ಮೇಲೆ ಬೀಳುತ್ತದೆ, ಸಾಮಾನ್ಯವಾಗಿ ನಾಲ್ಕು ಇರುತ್ತವೆ. ಟರ್ಬೊ ಲೆಕ್ಕ ಬೇರೆ. ಕಾರನ್ನು ಕಣ್ಣಿಂದ ನೋಡದೆ, ತಣ್ಣಗಿರುವ ಎಂಜಿನ್ನನ್ನು ನಿಮ್ಮೆದುರೇ ಸ್ಟಾರ್ಟ್ ಮಾಡಿಸದೆ ಮುಂಗಡ ಕೊಡಬೇಡಿ. ಹುಬ್ಬಳ್ಳಿ-ಧಾರವಾಡದಲ್ಲೇ ಒಬ್ಬರೇ ಮಾಲೀಕರ, ಸರ್ವಿಸ್ ದಾಖಲೆಯಿರುವ ಕಾರು ಮೂವತ್ತು-ನಲವತ್ತು ಸಾವಿರ ಹೆಚ್ಚಿಗೆ ಕೇಳಿದರೂ ನಾನಾದರೆ ಅದನ್ನೇ ಕೊಳ್ಳುತ್ತೇನೆ.