ಇಬ್ಬರ ದೋಣಿ, ಒಬ್ಬರ ಪಾಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಯಿದೋಣಿಯನ್ನೇ ಮನೆ ಮಾಡಿಕೊಂಡ, ಇಲ್ಲವೇ ಮಾಡಿಕೊಳ್ಳಲು ಹೊರಟ ದಂಪತಿಗಳ ಪ್ರಶ್ನೆಗಳು ಈ ತಿಂಗಳು ಬಂದಿವೆ. ಹೆಚ್ಚಿನವು ನ್ಯೂಜಿಲೆಂಡಿನಿಂದ ಫಿಜಿ, ಟೊಂಗಾಗಳಿಗೆ ಹೋಗಿ ಬರುವವರದು. ಹಾಗಾಗಿ ಉತ್ತರಗಳೂ ಆ ನೀರಿಗೆ ಹೊಂದುವಂಥವು.

ಪ್ರಶ್ನೆ: ನಮ್ಮದು 38 ಅಡಿಯ ದೋಣಿ. ಬರುವ ಮೇ ತಿಂಗಳಲ್ಲಿ ಫಿಜಿಗೆ ಹೊರಡುವ ಯೋಚನೆ. ನಮ್ಮನೆಯವರಿಗೆ ಇಪ್ಪತ್ತು ವರ್ಷದ ಅನುಭವವಿದೆ. ನನಗೆ ಚುಕ್ಕಾಣಿ ಹಿಡಿಯಲು ಬರುತ್ತದೆ, ಅಷ್ಟೇ. ಇಬ್ಬರೇ ಸಾಕೇ? ರಾತ್ರಿ ನಿದ್ದೆಗೆ ಏನು ಮಾಡುತ್ತಾರೆ?
– ಓದುಗರೊಬ್ಬರು, ಆಕ್ಲೆಂಡ್

ಉತ್ತರ: ಇಬ್ಬರು ಸಾಕು. ಆದರೆ ಲೆಕ್ಕ ಹಾಕುವಾಗ ಒಬ್ಬರೇ ಇದ್ದೀರಿ ಎಂದು ಹಾಕಿ. ಒಬ್ಬರು ಎಚ್ಚರವಿದ್ದರೆ ಇನ್ನೊಬ್ಬರು ಮಲಗಿರುತ್ತಾರೆ, ಮಲಗಲೇಬೇಕು. ಆದ್ದರಿಂದ ಹಾಯಿ ಕುಗ್ಗಿಸುವುದು, ಎಂಜಿನ್ ಚಾಲೂ ಮಾಡುವುದು, ರೇಡಿಯೋದಲ್ಲಿ ಸಹಾಯ ಕೇಳುವುದು, ದೋಣಿಯನ್ನು ಇದ್ದಲ್ಲೇ ನಿಲ್ಲಿಸುವುದು, ಈ ನಾಲ್ಕೂ ನಿಮ್ಮೊಬ್ಬರ ಕೈಯಿಂದ ಆಗಬೇಕು. ಹೊರಡುವ ಮೊದಲು ನಿಮ್ಮೂರಿನ ಎದುರಿನ ಹೌರಾಕಿ ಕೊಲ್ಲಿಯಲ್ಲಿ ಮೂರು ನಾಲ್ಕು ದಿನ ಪೂರ್ತಿ ನೀವೇ ನಡೆಸಿ. ನಿಮ್ಮವರು ಕಾಕ್‌ಪಿಟ್‌ನಲ್ಲಿ (ಚುಕ್ಕಾಣಿಯವರು ಕೂರುವ ತಗ್ಗಿನಲ್ಲಿ) ಕೂತಿರಲಿ, ಹಗ್ಗ ಮುಟ್ಟುವುದು ಬೇಡ, ಬಾಯಿಯೂ ಬಿಡುವುದು ಬೇಡ. ಎರಡನೆಯದೇ ಕಷ್ಟ, ಆದರೆ ಅಗತ್ಯ. ಅನುಭವ ಇರುವವರಿಗೇ ಕಾಯಿಲೆಯಾದರೆ ದೋಣಿಯನ್ನು ದಡ ಮುಟ್ಟಿಸಬೇಕಾದವರು ನೀವು.

ರಾತ್ರಿಗೆ ಮೂರು ಗಂಟೆಯ ಪಾಳಿ ಹೆಚ್ಚಿನ ಜೋಡಿಗಳಿಗೆ ಒಗ್ಗುತ್ತದೆ: 7ರಿಂದ 10, 10ರಿಂದ 1, 1ರಿಂದ 4, 4ರಿಂದ 7. ಯಾರಿಗೆ ಯಾವುದು ಎಂದು ಮೊದಲ ರಾತ್ರಿಯೇ ನಿಗದಿ ಮಾಡಿ, ಆಮೇಲೆ ಬದಲಿಸಬೇಡಿ. ದಿನವೂ ಅದೇ ಹೊತ್ತಿಗೆ ಮಲಗಿದರೆ ಮೂರನೇ ದಿನಕ್ಕೆ ದೇಹ ಒಪ್ಪಿಕೊಳ್ಳುತ್ತದೆ. ಮೊದಲೆರಡು ದಿನ ಇಬ್ಬರಿಗೂ ಮಂಕು ಕವಿದಿರುತ್ತದೆ. ತಪ್ಪು ನಿರ್ಧಾರಗಳು ಆಗುವುದು ಆಗಲೇ. ವಾಂತಿಯ ಮಾತ್ರೆಯನ್ನು ಹೊರಡುವ ಹಿಂದಿನ ದಿನವೇ ಶುರು ಮಾಡಿ. ಮಲಗುವ ಜಾಗ ದೋಣಿಯ ನಡುಭಾಗದಲ್ಲಿರಲಿ, ಉರುಳದಂತೆ ಪಕ್ಕಕ್ಕೆ ಗಟ್ಟಿ ಬಟ್ಟೆ ಕಟ್ಟಿ. ಮುಂತುದಿಯ ಕೋಣೆ ಬಂದರಿನಲ್ಲಿ ಚೆಂದ. ಅಲೆ ಎದ್ದ ಮೇಲೆ ಅಲ್ಲಿ ನಿದ್ದೆ ಹತ್ತುವುದಿಲ್ಲ.

ಪಾಳಿಯಲ್ಲಿ ಇರುವವರು 12 ನಿಮಿಷಕ್ಕೊಮ್ಮೆ ಗಂಟೆ ಹೊಡೆಯುವ ಟೈಮರ್ ಇಟ್ಟುಕೊಂಡು, ಪ್ರತಿ ಸಲ ಎದ್ದು ದಿಗಂತವನ್ನು ಒಂದು ಸುತ್ತು ನೋಡಬೇಕು. 20 ನಾಟ್ (ಗಂಟೆಗೆ ಸುಮಾರು 37 ಕಿಲೋಮೀಟರ್) ವೇಗದ ಸರಕು ಹಡಗು ಕಣ್ಣಿಗೆ ಬಿದ್ದ ಮೇಲೆ ನಿಮ್ಮ ಮೇಲೆ ಬರಲು ಹೆಚ್ಚೆಂದರೆ 15–20 ನಿಮಿಷ ಸಾಕು. ಸುತ್ತಲಿನ ಹಡಗುಗಳನ್ನು ರೇಡಿಯೋ ಸಂಕೇತದಿಂದ ಪರದೆಯ ಮೇಲೆ ತೋರಿಸುವ ಎಐಎಸ್ ಇದೆ ಎಂದು ಕಣ್ಣಿಗೆ ರಜೆ ಕೊಡಬೇಡಿ, ಮೀನುದೋಣಿಗಳು ಎಷ್ಟೋ ಸಲ ಅದನ್ನು ಹಾಕಿರುವುದಿಲ್ಲ.

ಇನ್ನು ಬೀಳುವುದು. 6 ನಾಟ್ ವೇಗದಲ್ಲಿ ದೋಣಿ ನಿಮಿಷಕ್ಕೆ 185 ಮೀಟರ್ ಮುಂದೆ ಹೋಗಿರುತ್ತದೆ. ಮಲಗಿದವರು ಎದ್ದು ಬರುವಷ್ಟರಲ್ಲಿ ನೀರಿನಲ್ಲಿರುವ ತಲೆ ಕಾಣುವುದಿಲ್ಲ. ಹಾಗಾಗಿ ಬೀಳದಿರುವುದೇ ಉಪಾಯ. ಒಬ್ಬರೇ ಇರುವಾಗ ಕಾಕ್‌ಪಿಟ್‌ನಲ್ಲೂ ಎದೆಗೆ ತೊಡುವ ರಕ್ಷಣಾ ಪಟ್ಟಿಯ ಕೊಕ್ಕೆ ಹಾಕಿರಬೇಕು. ಮುಂದಿನ ಡೆಕ್ಕಿಗೆ ಹೋಗುವುದಿದ್ದರೆ ಇನ್ನೊಬ್ಬರನ್ನು ಎಬ್ಬಿಸಿಯೇ ಹೋಗಬೇಕು. ಕೊಕ್ಕೆ ಸಿಕ್ಕಿಸಲು ಡೆಕ್ಕಿನ ಉದ್ದಕ್ಕೂ ಕಟ್ಟುವ ಪಟ್ಟಿಯನ್ನು ಅಂಚಿನಲ್ಲಿ ಹಾಯಿಸದೆ ಆದಷ್ಟು ನಡುವೆ ಹಾಯಿಸಿ. ಕೊಕ್ಕೆಯ ಹಗ್ಗ 1 ಮೀಟರ್ ಇದ್ದರೆ ಬಿದ್ದರೂ ಡೆಕ್ಕಿನ ಮೇಲೇ ಬೀಳುತ್ತೀರಿ. 2 ಮೀಟರ್ ಇದ್ದರೆ ಹೊರಗೆ ನೇತಾಡುತ್ತೀರಿ, ಆಗ ಒಬ್ಬರೇ ಮೇಲೆಳೆಯುವುದು ಬಹಳ ಕಷ್ಟ. ಅದಕ್ಕಾಗಿ ನಾಲ್ಕು ಪಟ್ಟು ಬಲ ಕೊಡುವ ರಾಟೆಯೊಂದನ್ನು ಕಟ್ಟಿ ಸಿದ್ಧವಿಡಿ. ಬಂದರಿನಲ್ಲಿ ನಿಮ್ಮವರನ್ನೇ ನೀರಿಗಿಳಿಸಿ ಒಮ್ಮೆ ಎತ್ತಿ ನೋಡಿ. ಎತ್ತಲು ಆಗದಿದ್ದರೆ ಆಗುವವರೆಗೂ ವ್ಯವಸ್ಥೆ ಬದಲಿಸಿ, ಆಮೇಲೆ ಹೊರಡಿ.

ಕತ್ತಲಾಗುವ ಮೊದಲೇ ಹಾಯಿ ಒಂದು ಮಡಿಕೆ ಕುಗ್ಗಿಸಿ. ಅರ್ಧ ನಾಟ್ ವೇಗ ಕಡಿಮೆಯಾದರೂ ನಡುರಾತ್ರಿ ಇನ್ನೊಬ್ಬರ ನಿದ್ದೆ ಕೆಡಿಸುವ ಪ್ರಮೇಯ ಬರುವುದಿಲ್ಲ. ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ಬೂಮಿನ (ಹಾಯಿಯ ಕೆಳಗಿನ ಅಡ್ಡಕೋಲಿನ) ತುದಿಯಿಂದ ದೋಣಿಯ ಮುಂತುದಿಗೆ, ಅಲ್ಲಿಂದ ಕಾಕ್‌ಪಿಟ್‌ಗೆ ಒಂದು ಹಗ್ಗ ಬಿಗಿದಿರಲಿ. ಇಲ್ಲವಾದರೆ ಬೂಮ್ ಒಮ್ಮೆಲೇ ಆಚೆ ಬದಿಗೆ ಬೀಸಿ ತಲೆಗೆ ಬಡಿಯಬಹುದು.

ಪ್ರಶ್ನೆ: ಲಂಗರು ಹಾಕುವಾಗಲೆಲ್ಲ ನಮ್ಮಿಬ್ಬರಿಗೂ ಜಗಳ. ಒಬ್ಬರು ಕೂಗಿದ್ದು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಸರಪಳಿ ಎಷ್ಟು ಬಿಡಬೇಕು?
– ದಂಪತಿ, ವೆಲಿಂಗ್ಟನ್

ಉತ್ತರ: ಕೂಗುವುದನ್ನು ಬಿಟ್ಟು ಕೈಸನ್ನೆಗೆ ಬನ್ನಿ: ಮುಂದೆ, ಹಿಂದೆ, ಎಡ, ಬಲ, ನಿಲ್ಲಿಸು, ಐದೇ ಸಾಕು. ಲಂಗರಿನ ಬಳಿ ನಿಂತವರ ಸನ್ನೆಯಂತೆ ಚುಕ್ಕಾಣಿಯವರು ನಡೆಯಬೇಕು, ಏಕೆಂದರೆ ತಳ ಕಾಣುವುದು ಮುಂದಿರುವವರಿಗೆ. ಆಗಾಗ ಜಾಗ ಬದಲಿಸಿಕೊಳ್ಳಿ, ಇನ್ನೊಬ್ಬರ ಕೆಲಸದ ಕಷ್ಟವೂ ತಿಳಿಯುತ್ತದೆ.

ಸರಪಳಿಯ ಲೆಕ್ಕದಲ್ಲಿ ನೀರಿನ ಆಳ ಮಾತ್ರ ಹಿಡಿದರೆ ತಪ್ಪು. ಆಳ 12 ಮೀಟರ್, ಮುಂತುದಿ ನೀರಿನಿಂದ 1.5 ಮೀಟರ್ ಎತ್ತರ, ಭರತದಲ್ಲಿ ಏರುವ ನೀರು 1.5 ಮೀಟರ್, ಒಟ್ಟು 15. ತಿಳಿಗಾಳಿಯಲ್ಲಿ ಅದರ ನಾಲ್ಕರಷ್ಟು, ಅಂದರೆ 60 ಮೀಟರ್. ಗಾಳಿ 25 ನಾಟ್ ದಾಟುವ ಸೂಚನೆ ಇದ್ದರೆ ಐದರಷ್ಟು, 75 ಮೀಟರ್. ಫಿಜಿಯ ಲಗೂನುಗಳು, ಅಂದರೆ ಹವಳದ ದಂಡೆಯೊಳಗಿನ ನೀರು, ಆಳ, 50 ಮೀಟರ್ ಸರಪಳಿ ಇಟ್ಟುಕೊಂಡು ಹೋದವರು ಜಾಗ ಹುಡುಕುತ್ತಲೇ ಇರುತ್ತಾರೆ. 10 ಮಿಲಿಮೀಟರ್ ಸರಪಳಿ ಮೀಟರಿಗೆ 2.3 ಕಿಲೋ ತೂಗುತ್ತದೆ. 80 ಮೀಟರಿಗೆ 184 ಕಿಲೋ ಮುಂದೆ ಬೀಳುತ್ತದೆ ಎಂಬುದನ್ನೂ ನೆನಪಿಡಿ.

ಬಿಟ್ಟ ಮೇಲೆ ಎಂಜಿನ್ನನ್ನು ನಿಧಾನವಾಗಿ ಹಿಂದಕ್ಕೆ ಹಾಕಿ ಎಳೆದು, ಲಂಗರು ಜಾರುತ್ತಿಲ್ಲವೆಂದು ತಿಳಿಯಲು ದಡದ ಎರಡು ಗುರುತುಗಳು ಒಂದೇ ಸಾಲಿನಲ್ಲಿ ನಿಂತಿವೆಯೇ ನೋಡಿ. ಎಳೆತದ ಭಾರ ಲಂಗರೆತ್ತುವ ಯಂತ್ರದ ಮೇಲೆ ಬೀಳಬಾರದು. 8–10 ಮೀಟರ್ ಉದ್ದದ ನೈಲಾನ್ ಹಗ್ಗವನ್ನು ಸರಪಳಿಗೆ ಸಿಕ್ಕಿಸಿ, ಭಾರವನ್ನು ಆ ಹಗ್ಗದ ಮೇಲೆ ಹೊರಿಸಿ. ಹವಳದ ಗುಡ್ಡೆಗಳಿರುವ ಕಡೆ ಆಳಕ್ಕಿಂತ ಒಂದೂವರೆ ಪಟ್ಟು ಸರಪಳಿ ಬಿಟ್ಟ ಮೇಲೆ, ಉಳಿದುದಕ್ಕೆ ಅಲ್ಲಲ್ಲಿ ತೇಲುಬುರುಡೆ ಕಟ್ಟಿ ಇಳಿಸಿ. ಸರಪಳಿ ಹವಳಕ್ಕೆ ಸುತ್ತಿಕೊಳ್ಳುವುದಿಲ್ಲ, ಹವಳವೂ ಉಳಿಯುತ್ತದೆ.

ಪ್ರಶ್ನೆ: 400 ವ್ಯಾಟ್ ಸೋಲಾರ್, 200 ಆಂಪ್-ಅವರ್ ಸೀಸದ ಬ್ಯಾಟರಿ ಇವೆ. ಬ್ಯಾಟರಿಯನ್ನು ಲಿಥಿಯಂಗೆ ಬದಲಿಸಿದರೆ ವಿದ್ಯುತ್ತಿನ ಚಿಂತೆ ಮುಗಿಯಿತೇ?
– ಓದುಗರೊಬ್ಬರು, ಬ್ರಿಸ್ಬೇನ್

ಉತ್ತರ: ಅರ್ಧ ಮಾತ್ರ. ಲೆಕ್ಕ ನೋಡಿ. 12 ವೋಲ್ಟಿನಲ್ಲಿ ದಿನಕ್ಕೆ ಫ್ರಿಜ್ 55 ಆಂಪ್-ಅವರ್, ವಿದ್ಯುತ್ತಿನಿಂದ ಚುಕ್ಕಾಣಿ ತಿರುಗಿಸುವ ಆಟೊಪೈಲಟ್ 80, ಚಾರ್ಟ್ ಪರದೆ, ಎಐಎಸ್, ರೇಡಿಯೋ ಸೇರಿ 55, ದೀಪಗಳು 5, ಫೋನು ಲ್ಯಾಪ್‌ಟಾಪ್ 20. ಉಪಗ್ರಹ ಇಂಟರ್ನೆಟ್ಟನ್ನು 8 ಗಂಟೆ ಹಾಕಿದರೆ ಇನ್ನೂ 40. ಒಟ್ಟು 255. ಲಂಗರು ಹಾಕಿ ನಿಂತಾಗ ಇದು ಅರ್ಧಕ್ಕಿಳಿಯುತ್ತದೆ. ನಿಮ್ಮ ಸೋಲಾರ್ ಉಷ್ಣವಲಯದಲ್ಲಿ, ಹಾಯಿಯ ನೆರಳು ಕಳೆದು, ದಿನಕ್ಕೆ ಸುಮಾರು 100 ಕೊಡುತ್ತದೆ. ಮೇ ತಿಂಗಳಲ್ಲಿ ನ್ಯೂಜಿಲೆಂಡಿನ ಬಳಿ ಸೂರ್ಯ ಕೆಳಗಿರುವುದರಿಂದ ಅದರ ಅರ್ಧ ಸಿಕ್ಕಿದರೆ ಹೆಚ್ಚು.

ಅಂದರೆ ಕೊರತೆ ಇರುವುದು ಸಂಪಾದನೆಯಲ್ಲಿ, ಡಬ್ಬಿಯ ಗಾತ್ರದಲ್ಲಿ ಅಲ್ಲ. ಮೊದಲ ಹಣವನ್ನು ಗಾಳಿಯಿಂದಲೇ ಚುಕ್ಕಾಣಿ ತಿರುಗಿಸುವ ವಿಂಡ್‌ವೇನ್‌ಗೆ ಹಾಕಿ ಎಂಬುದು ನಮ್ಮ ಅಭಿಪ್ರಾಯ. ಆಟೊಪೈಲಟ್ಟಿನ 80 ಪೂರ್ತಿ ಉಳಿಯುತ್ತದೆ, ವಿದ್ಯುತ್ ಕೈಕೊಟ್ಟರೂ ದೋಣಿ ದಾರಿ ತಪ್ಪುವುದಿಲ್ಲ. ಇಬ್ಬರೇ ಇರುವ ದೋಣಿಗೆ ಅದು ಮೂರನೆಯ ಆಳು.

ಲಿಥಿಯಂ ಒಳ್ಳೆಯದೇ. ಸೀಸದ 200ರಲ್ಲಿ ಬಳಸಬಹುದಾದದ್ದು 100, ಲಿಥಿಯಂನಲ್ಲಿ 160ಕ್ಕೂ ಹೆಚ್ಚು. ಆದರೆ ಹಳೆಯದನ್ನು ಕಳಚಿ ಹೊಸದನ್ನು ಹಾಗೇ ಜೋಡಿಸಬೇಡಿ. ಲಿಥಿಯಂ ಕೊಟ್ಟಷ್ಟು ಕರೆಂಟನ್ನೂ ನುಂಗುತ್ತದೆ. ಎಂಜಿನ್ ಓಡುವಾಗ ವಿದ್ಯುತ್ ಮಾಡುವ ಆಲ್ಟರ್ನೇಟರ್ ಬಿಡುವಿಲ್ಲದೆ ಪೂರ್ತಿ ಭಾರದಲ್ಲಿ ಓಡಿ ಸುಟ್ಟುಹೋಗುತ್ತದೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿದರೆ ವೋಲ್ಟೇಜ್ ಚಿಮ್ಮಿ ಆಲ್ಟರ್ನೇಟರಿನ ಡಯೋಡುಗಳು ಹೋಗುತ್ತವೆ. ಆಲ್ಟರ್ನೇಟರ್ ಸೀಸದ ಸ್ಟಾರ್ಟರ್ ಬ್ಯಾಟರಿಗೇ ಚಾರ್ಜ್ ಕೊಡಲಿ, ಅಲ್ಲಿಂದ ಕರೆಂಟನ್ನು ಮಿತಿಯಲ್ಲಿಡುವ 30 ಆಂಪಿನ ಡಿಸಿ-ಡಿಸಿ ಚಾರ್ಜರ್ ಮೂಲಕ ಲಿಥಿಯಂಗೆ ಹೋಗಲಿ.

ಪ್ರಶ್ನೆ: ಮಗಳು, ಅಳಿಯ ದೋಣಿಯಲ್ಲೇ ಇದ್ದಾರೆ, ಈಗ ಫಿಜಿಯಲ್ಲಿ. ಸಸ್ಯಾಹಾರಿಗಳು. ರಾಗಿಹಿಟ್ಟಿಗೆ ಹುಳ ಬೀಳುತ್ತದೆ, ಮುದ್ದೆ ಮಾಡಲು ಆಗುವುದಿಲ್ಲ ಎನ್ನುತ್ತಾಳೆ. ಏನಾದರೂ ದಾರಿ ಹೇಳಿ.
– ತಾಯಿಯೊಬ್ಬರು, ದಾವಣಗೆರೆ

ಉತ್ತರ: ಹುಳದ ಮೊಟ್ಟೆ ಹಿಟ್ಟಿನ ಜೊತೆಗೇ ಬಂದಿರುತ್ತದೆ, ದೋಣಿಯ ಬಿಸಿಗೆ ಒಡೆಯುತ್ತದೆ. ದಡದಲ್ಲಿ ಯಾರದಾದರೂ ಮನೆಯ ಡೀಪ್ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರೆ ಸಾಯುತ್ತವೆ. ಹೊರತೆಗೆದ ಮೇಲೆ ಪೊಟ್ಟಣದ ತಣುಪು ಪೂರ್ತಿ ಹೋಗುವವರೆಗೆ ಬಿಚ್ಚಬಾರದು, ಬಿಚ್ಚಿದರೆ ಹಿಟ್ಟು ಬೆವರಿ ಮುಗ್ಗುತ್ತದೆ. ಆಮೇಲೆ ಒಂದೊಂದು ಕಿಲೋದಂತೆ ಗಾಳಿಯಾಡದ ಡಬ್ಬಿಗಳಲ್ಲಿ ಕಂಠಮಟ್ಟ ತುಂಬಲಿ. ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ. ಅಂಗಡಿಯ ರಟ್ಟಿನ ಪೆಟ್ಟಿಗೆ ಮಾತ್ರ ದೋಣಿಗೆ ಬರಬಾರದು, ಅದರ ಮಡಿಕೆಗಳಲ್ಲಿ ಜಿರಲೆಯ ಮೊಟ್ಟೆ ಇರುತ್ತದೆ.

ಮುದ್ದೆಯ ವಿಷಯದಲ್ಲಿ ನಿಮ್ಮ ಮಗಳು ಹೇಳುವುದು ಸರಿ. ಕುದಿಯುವ ಪಾತ್ರೆಗೆ ಕೋಲು ಹಾಕಿ ತಿರುವಲು ಎರಡೂ ಕೈ ಬೇಕು, ತೂಗಾಡುವ ದೋಣಿಯಲ್ಲಿ ಒಂದು ಕೈ ಆಸರೆ ಹಿಡಿದಿರಲೇಬೇಕು. ಹಡಗಿನ ಅಡುಗೆಮನೆಯಲ್ಲಿ ಬಿಸಿನೀರು ಚೆಲ್ಲಿ ಸುಟ್ಟುಕೊಳ್ಳುವುದೇ ದೊಡ್ಡ ಅಪಾಯ. ಮುದ್ದೆ ಲಂಗರು ಹಾಕಿದ ದಿನಕ್ಕಿರಲಿ. ಸಮುದ್ರದ ಮೇಲೆ ಕುಕ್ಕರ್ ಒಳ್ಳೆಯದು: ಮುಚ್ಚಳ ಬಿಗಿದಿರುವುದರಿಂದ ಉರುಳಿದರೂ ಚೆಲ್ಲದು, ಗ್ಯಾಸೂ ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬುವುದು ಬೇಡ. ಒಲೆ ಹಚ್ಚಲಾಗದ ದಿನಕ್ಕೆ ಗೊಜ್ಜವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಇವೆಯಲ್ಲ. ನೀವು ಕಳಿಸುವುದಾದರೆ ಗೊಜ್ಜಿನ ಪುಡಿ ಕಳಿಸಿ, ಬೇಳೆ ಬೇಡ. ಫಿಜಿಯಲ್ಲಿ 1879ರಿಂದ 1916ರವರೆಗೆ ಕೂಲಿಗೆಂದು ಹೋದ ಭಾರತೀಯರ ಸಂತತಿ ದೊಡ್ಡದು. ಲೌಟೋಕಾ, ಸುವಾ ಮಾರುಕಟ್ಟೆಗಳಲ್ಲಿ ಬೇಳೆ, ಜೀರಿಗೆ, ಬೆಂಡೆ, ಬದನೆ, ಕರಿಬೇವು ಎಲ್ಲ ಸಿಗುತ್ತವೆ.

ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ನಿಲ್ಲುತ್ತದೆ. ಅಡುಗೆ ಮುಗಿದೊಡನೆ ಸಿಲಿಂಡರಿನ ಕವಾಟವನ್ನು ಮೊದಲು ಮುಚ್ಚಿ, ಪೈಪಿನಲ್ಲಿ ಉಳಿದದ್ದು ಉರಿದು ಒಲೆ ತಾನೇ ಆರುವವರೆಗೆ ಕಾಯುವ ಅಭ್ಯಾಸ ಇಬ್ಬರಿಗೂ ಇರಲಿ.

ಪ್ರಶ್ನೆ: ಹವಳದ ದಂಡೆಯ ನಡುವಿನ ದಾರಿಯ ಹತ್ತಿರವೇ ಎಂಜಿನ್ ಏರುಪೇರಾಗಿ ನಿಂತುಹೋಗುತ್ತದೆ ಎಂದು ಕೇಳಿದ್ದೇವೆ. ಏಕೆ? ಏನು ಮಾಡಬೇಕು?
– ದಂಪತಿ, ಕ್ರೈಸ್ಟ್‌ಚರ್ಚ್

ಉತ್ತರ: ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಕೂತು, ಅದರಲ್ಲಿ ಸೂಕ್ಷ್ಮಜೀವಿ ಬೆಳೆದು ಲೋಳೆಯಾಗಿರುತ್ತದೆ. ದಂಡೆಯ ಬಳಿಯ ಒರಟು ಅಲೆಗೆ ಅದು ಕದಡಿ ಫಿಲ್ಟರಿಗೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಬೇಕಾದ ಹೊತ್ತಿಗೇ ನಿಲ್ಲುತ್ತದೆ. ದಾರಿಗೆ ನುಗ್ಗುವಾಗ ಹಾಯಿಯನ್ನು ಪೂರ್ತಿ ಸುತ್ತಿಡದೆ, ಎಳೆದರೆ ಬಿಚ್ಚುವಂತೆ ಇಟ್ಟಿರಿ. ನಿಂತಿತೋ, ಮೊದಲು ಹಾಯಿ ಬಿಚ್ಚಿ ದಂಡೆಯಿಂದ ದೂರ ಸರಿಯಿರಿ.

ಆಮೇಲೆ ಕ್ರಮವಾಗಿ: ಮೊದಲ ಫಿಲ್ಟರ್ ಬದಲಿಸಿ. ಎಂಜಿನ್ ಮೇಲಿನ ಎರಡನೇ ಫಿಲ್ಟರಿನ ಗಾಳಿ ತೆಗೆಯುವ ತಿರುಪನ್ನು ಎರಡು ಸುತ್ತು ಸಡಿಲಿಸಿ, ಪಂಪಿನ ಕೈಹಿಡಿಯನ್ನು ಗುಳ್ಳೆ ನಿಲ್ಲುವವರೆಗೆ ಒತ್ತಿ, ಬಿಗಿ ಮಾಡಿ. ಇಂಜೆಕ್ಷನ್ ಪಂಪಿನ ತಿರುಪಿಗೂ ಹಾಗೆಯೇ. ಆಗಲೂ ಹತ್ತದಿದ್ದರೆ ಇಂಜೆಕ್ಟರುಗಳ ನಟ್ಟನ್ನು ಸ್ವಲ್ಪ ಸಡಿಲಿಸಿ, ಸ್ಟಾರ್ಟರ್ ತಿರುಗಿಸಿ, ಡೀಸೆಲ್ ಜಿನುಗಿದೊಡನೆ ಬಿಗಿ ಮಾಡಿ. ಇಲ್ಲಿ ಬಹಳ ಜನ ಮರೆಯುವ ಮಾತೊಂದಿದೆ. ಹತ್ತದ ಎಂಜಿನ್ನನ್ನು ಮತ್ತೆ ಮತ್ತೆ ತಿರುಗಿಸುವಾಗ ಸಮುದ್ರದ ನೀರು ಒಳಬರುವ ಕವಾಟ ಮುಚ್ಚಿರಬೇಕು. ಇಲ್ಲವಾದರೆ ತಂಪಿನ ನೀರು ಸೈಲೆನ್ಸರಿನಲ್ಲಿ ತುಂಬಿ ಹಿಮ್ಮರಳಿ ಸಿಲಿಂಡರುಗಳಿಗೇ ನುಗ್ಗುತ್ತದೆ. ಎಂಜಿನ್ ಹತ್ತಿದ ಕ್ಷಣವೇ ಕವಾಟ ತೆರೆಯಿರಿ, ತಡವಾದರೆ ನೀರೆಳೆಯುವ ರಬ್ಬರಿನ ಇಂಪೆಲ್ಲರ್ ಸುಡುತ್ತದೆ. ಈ ಕೆಲಸವನ್ನು ಬಂದರಿನಲ್ಲಿ ಇಬ್ಬರೂ ಎರಡೆರಡು ಸಲ ಮಾಡಿರಬೇಕು. ಫಿಲ್ಟರ್ ಆರು, ಇಂಪೆಲ್ಲರ್ ಎರಡು ಹೆಚ್ಚಿಗೆ ಇರಲಿ.

ಪ್ರಶ್ನೆ: ಬಟ್ಟೆ ಎಷ್ಟು ಒಣಗಿಸಿದರೂ ಹಸಿ ಹಸಿ. ಏಕೆ?
– ಓದುಗರೊಬ್ಬರು, ಸುವಾ

ಉತ್ತರ: ಉಪ್ಪು. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಒಗೆಯುವುದು ಸಮುದ್ರದ ನೀರಿನಲ್ಲಾದರೂ ಕೊನೆಯ ಜಾಲಾಡು ಸಿಹಿನೀರಿನಲ್ಲೇ ಆಗಬೇಕು. ಹಾಸಿಗೆಯ ಕೆಳಗೆ ಮರದ ಪಟ್ಟಿ ಹಾಕಿ ಗಾಳಿ ಓಡುವಂತೆ ಮಾಡಿ.

ಪ್ರಶ್ನೆ: ನ್ಯೂಜಿಲೆಂಡಿಗೆ ವಾಪಸು ಬರುವಾಗ ಯಾವ ತಪ್ಪುಗಳಾಗುತ್ತವೆ?
– ದಂಪತಿ, ಟೌರಂಗಾ

ಉತ್ತರ: ಮುಖ್ಯವಾಗಿ ದಿನಾಂಕಕ್ಕೆ ಕಟ್ಟುಬೀಳುವುದು. ಚಂಡಮಾರುತದ ಕಾಲ ನವೆಂಬರಿನಿಂದ ಏಪ್ರಿಲ್ ಎಂದು ಎಲ್ಲರೂ ಅಕ್ಟೋಬರ್ ಕೊನೆಗೆ ಹೊರಡಲು ನೋಡುತ್ತಾರೆ. ವಿಮಾನದ ಟಿಕೆಟ್ ತೆಗೆದಿಟ್ಟವರು ಹವಾಮಾನ ಸರಿಯಿಲ್ಲದಿದ್ದರೂ ಹೊರಡುತ್ತಾರೆ. ಫಿಜಿಯಿಂದ ನ್ಯೂಜಿಲೆಂಡಿನ ಉತ್ತರದ ಬಂದರಾದ ಒಪುವಾಗೆ ಸುಮಾರು 1,050 ನಾಟಿಕಲ್ ಮೈಲು, ಎಂಟೊಂಬತ್ತು ದಿನ. ಅಧಿಕ ಒತ್ತಡದ ವಲಯಗಳು ವಾರಕ್ಕೊಂದರಂತೆ ಪಶ್ಚಿಮದಿಂದ ಪೂರ್ವಕ್ಕೆ ಸಾಗುವುದರಿಂದ ನಡುವೆ ಒಂದು ಕೆಟ್ಟ ಗಾಳಿ ಸಿಕ್ಕೇ ಸಿಗುತ್ತದೆ. ಅದು ಒಪುವಾ ಹತ್ತಿರದ ಕೊನೆಯ ಎರಡು ದಿನಗಳಲ್ಲಿ ಸಿಗದಂತೆ ಹೊರಡುವ ದಿನ ಆರಿಸುವುದೇ ಜಾಣತನ. ಟೊಂಗಾದಿಂದ ಬರುವವರಿಗೆ ನಡುವೆ ಮಿನರ್ವಾ ಹವಳದ ಉಂಗುರವಿದೆ. ನೆಲ ಕಾಣದಿದ್ದರೂ ಒಳಗೆ ಮರಳಿನಲ್ಲಿ ಲಂಗರು ನಿಲ್ಲುತ್ತದೆ, ಹಗಲಿನಲ್ಲಿ ಮಾತ್ರ ಒಳಹೋಗಿ.

ತಲುಪುವ 48 ಗಂಟೆಗಿಂತ ಮೊದಲೇ ಕಸ್ಟಮ್ಸಿಗೆ ಮುನ್ಸೂಚನೆ ಹೋಗಿರಬೇಕು. ದೋಣಿಯ ತಳಕ್ಕೆ ಅಂಟಿದ ಪಾಚಿ, ಚಿಪ್ಪುಗಳನ್ನು ಬರುವ ಮುಂಚಿನ 30 ದಿನಗಳೊಳಗೆ ತೆಗೆಸಿ ಫೋಟೋ, ರಸೀದಿ ಇಟ್ಟುಕೊಳ್ಳಿ. ತಾಜಾ ತರಕಾರಿ, ಹಣ್ಣು, ಜೇನು, ಮೊಳಕೆ ಬರುವ ಇಡೀ ಕಾಳುಗಳನ್ನು ಬಂದರಿನಲ್ಲಿ ತೆಗೆದುಕೊಂಡುಬಿಡುತ್ತಾರೆ. ಹೆಸರು, ಹುರುಳಿ, ಕಡಲೆಯನ್ನು ದಾರಿಯಲ್ಲೇ ಮುಗಿಸುವ ಹಾಗೆ ಸಾಮಾನು ಕಟ್ಟಿ. ಉಳಿದದ್ದೆಲ್ಲವನ್ನೂ, ಮಸಾಲೆ ಡಬ್ಬಿಯವರೆಗೆ, ಪಟ್ಟಿ ಬರೆದು ಅಧಿಕಾರಿಗಳ ಮುಂದಿಡಿ.