ಅಲೆಮಾರಿ ಅಂದರೆ ಬೈಗುಳವೇ, ಮಾಸ್ತರರೇ?

ಧಾರವಾಡದ ಸಪ್ತಾಪುರದಿಂದ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಮಕ್ಕಳಿಬ್ಬರೂ ಪರ ಊರಿನಲ್ಲಿದ್ದಾರೆ. ಆರು ಕೋಣೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮನೆ ಮಾರಿ, ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಅದರಲ್ಲೇ ಮಂಚ, ಒಲೆ, ಸಂಡಾಸು ಮಾಡಿಸಿಕೊಂಡು ಊರೂರು ಸುತ್ತುತ್ತಾ ಇರೋಣ ಅನ್ನುವುದು ಅವರ ಮನೆಯವರ ಆಸೆ. ಮಾಸ್ತರರಿಗೆ ಅರೆಮನಸ್ಸು. ಅಣ್ಣ ಬೇರೆ, ‘ಮನಿ ಮಾರಿ ಅಲೆಮಾರಿ ಆಗ್ತೀಯೇನೋ?’ ಅಂದರಂತೆ. ನೀವೇನು ಹೇಳುತ್ತೀರಿ ಎಂದು ಕೇಳಿದ್ದಾರೆ.

ಮಾಸ್ತರರೇ, ಮನೆಯ ಪರವಾದ ಮಾತುಗಳೆಲ್ಲ ನಿಜ. ಮೊಣಕಾಲು ನೋವು, ಗುರುತಿನ ಡಾಕ್ಟರು, ಸಂಜೆ ವಾಕಿಂಗಿನ ಗೆಳೆಯರು. ಒಪ್ಪಿದೆ. ಆ ಪಟ್ಟಿಯನ್ನು ನೀವೇ ಮೂರು ಪುಟ ಬರೆದಿದ್ದೀರಿ, ನಾನು ಮತ್ತೆ ಹೇಳುವುದಿಲ್ಲ. ನನಗೆ ಚುಚ್ಚಿದ್ದು ನಿಮ್ಮ ಅಣ್ಣನವರ ಆ ಒಂದು ಶಬ್ದ.

ನಾನು ಗದಗ ಜಿಲ್ಲೆಯ ಎರೆ ಹೊಲದವನು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಕುರಿಯವರು ಬರುತ್ತಿದ್ದರು. ಕುದುರೆಯ ಮೇಲೆ ಇಡೀ ಸಂಸಾರ. ಗಡಿಗೆ, ಕಂಬಳಿ, ಎಳೆಯ ಮರಿ, ಮರಿಯ ಪಕ್ಕದಲ್ಲೇ ಕೂಸು. ರಾತ್ರಿ ನಮ್ಮ ಹೊಲದಲ್ಲೇ ಕುರಿ ನಿಲ್ಲಿಸಲಿ ಅಂತ ಅಪ್ಪ ಕಾಳು ಕೊಟ್ಟು ಕರೆಯುತ್ತಿದ್ದ. ಹಿಕ್ಕೆ ಬಿದ್ದ ಹೊಲದ ಜೋಳ ಮುಂದಿನ ವರ್ಷ ದೂರದಿಂದಲೇ ಗೊತ್ತಾಗುತ್ತಿತ್ತು. ಅಪ್ಪ ಅವರನ್ನು ಒಮ್ಮೆಯೂ ಅಲೆಮಾರಿ ಅನ್ನಲಿಲ್ಲ. ‘ಕುರಿಯವರು ಬಂದಾರ’ ಅನ್ನುತ್ತಿದ್ದ, ಬೀಗರು ಬಂದ ಹಾಗೆ.

ಪಂಚಾಕ್ಷರಿ ಗವಾಯಿಗಳನ್ನು ನೆನೆಸಿಕೊಳ್ಳಿ. ಸ್ವತಃ ಕಣ್ಣು ಕಾಣದವರು. ಅಂಧ ಮಕ್ಕಳನ್ನು ಕರೆದುಕೊಂಡು ಸಂಗೀತ ಶಾಲೆಯನ್ನೇ ಊರೂರಿಗೆ ಒಯ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಆಮೇಲಿನದು. ಕಡೆಗೆ ಅವರೂ ಒಂದು ಕಡೆ ನೆಲೆ ನಿಂತರಲ್ಲ ಅನ್ನುತ್ತೀರಿ, ಅಲ್ವಾ? ನಿಂತರು. ಊರು ಜಾಗ ಕೊಟ್ಟಿತು, ನಿಂತರು.

ಈಗ ನಿಲ್ಲಲು ಯಾರು ಬಿಡುತ್ತಾರೆ? ಹೋದ ವರ್ಷ ಗೆಳೆಯನ ಜೊತೆ ಹಾವೇರಿಯಿಂದ ರಾತ್ರಿ ಬರುತ್ತಿದ್ದೆ. ನಿದ್ದೆ ತಡೆಯದೆ ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕಾರು ನಿಲ್ಲಿಸಿದೆವು. ಹತ್ತು ನಿಮಿಷಕ್ಕೆ ಕಿಟಕಿ ಬಡಿದರು. ಸಂಡಾಸಿಗೆ ಬೀಗ. ಕೀಲಿ ಮ್ಯಾನೇಜರ ಹತ್ತಿರ. ಮ್ಯಾನೇಜರು ಮನೆಯಲ್ಲಿ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಆ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬಹಳ ಸಂತೋಷ. ದಾರಿ ನಡೆದು ದಣಿದ ಮನುಷ್ಯನಿಗೆ ಮಾತ್ರ ಸೀಟಿ ಊದುತ್ತೇವೆ. ಅಮೆರಿಕದ ಕ್ಯಾಂಪುಗಳಲ್ಲಿ ಇಂಥ ಗಾಡಿಗಳಿಗೆ ಅಂತಲೇ ನಳ, ಕರೆಂಟಿನ ಪ್ಲಗ್ಗು, ಕೊಳೆ ನೀರು ಬಿಡುವ ಪೈಪು ಇರುತ್ತವೆ. ನಮ್ಮಲ್ಲೂ ಕೇಂದ್ರ ಸರ್ಕಾರ ಕ್ಯಾರವಾನ್ ನೀತಿ ಅಂತ ಮಾಡಿ ವರ್ಷಗಳಾದವು. ಧಾರವಾಡದಿಂದ ಹಾವೇರಿಯವರೆಗೆ ಅಂಥದ್ದೊಂದು ಜಾಗ ನನ್ನ ಕಣ್ಣಿಗೆ ಬಿದ್ದಿಲ್ಲ. ಚೌಕ, ಪುತ್ಥಳಿ, ಸ್ವಾಗತ ಕಮಾನು ಬೇಕಾದಷ್ಟಿವೆ. ಕಮಾನಿನೊಳಗೆ ಬಂದವನು ಎಲ್ಲಿ ಮಲಗಬೇಕು ಅಂತ ಯಾರೂ ಯೋಚಿಸಿಲ್ಲ.

ನೀರಿನ ಚಿಂತೆ ಬರೆದಿದ್ದೀರಿ. ನಗು ಬಂತು. ಎಂಟು ದಿನಕ್ಕೊಮ್ಮೆ ನಳ ಬರುತ್ತಿದ್ದ ಹುಬ್ಬಳ್ಳಿ-ಧಾರವಾಡದಲ್ಲಿ ಸಂಸಾರ ಮಾಡಿದವರಿಗೆ ನೂರು ಲೀಟರಿನ ಟಾಕಿಯಲ್ಲಿ ಬದುಕುವುದನ್ನು ಯಾರು ಕಲಿಸಬೇಕು?

ಇನ್ನು ನಿಮ್ಮ ಅಜ್ಜಿಯ ಕಾಲದ ತಾಮ್ರದ ಹಂಡೆ. ‘ಅದನ್ನು ಯಾರಿಗೆ ಕೊಡಲಿ’ ಅಂತ ಅರ್ಧ ಪುಟ ಕೊರಗಿದ್ದೀರಿ. ಆ ಹಂಡೆ ನೀರು ಕಾಯಿಸುವುದು ಬಿಟ್ಟು ಎಷ್ಟು ವರ್ಷವಾಯಿತು? ಈಗ ನೀವೇ ಅದನ್ನು ಕಾಯುತ್ತಿದ್ದೀರಿ. ಮಗ್ಗಲಿನ ಮನೆಯವರಿಗೆ ಕೊಟ್ಟುಬಿಡಿ.

ಆದರೆ ಮನೆಯನ್ನು ಈಗಲೇ ಮಾರಬೇಡಿ. ಬಾಡಿಗೆಗೆ ಕೊಡಿ, ಒಂದು ಕೋಣೆ ನಿಮಗೆ ಇಟ್ಟುಕೊಳ್ಳಿ. ಆಧಾರ್, ಗ್ಯಾಸ್, ಓಟು, ಎಲ್ಲಕ್ಕೂ ವಿಳಾಸ ಬೇಕು. ಅಮೆರಿಕದವರಿಗೂ ಇದು ತಪ್ಪಿದ್ದಲ್ಲ. ವರ್ಷವಿಡೀ ಗಾಡಿಯಲ್ಲಿ ಇರುವವರು ಎಷ್ಟೋ ಜನ ಸೌತ್ ಡಕೋಟಾ, ಟೆಕ್ಸಾಸ್, ಫ್ಲೋರಿಡಾದಲ್ಲಿ ವಿಳಾಸ ಮಾಡಿಕೊಳ್ಳುತ್ತಾರೆ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ನೋಡಿ, ಲೆಕ್ಕದವರು! ಪೆನ್ಶನ್ನಿಗೆ ವರ್ಷಕ್ಕೊಮ್ಮೆ ಬದುಕಿದ್ದೇವೆ ಅಂತ ಕೊಡುವ ಪ್ರಮಾಣಪತ್ರ ಈಗ ಮೊಬೈಲಿನಲ್ಲೇ ಆಗುತ್ತದೆ.

ಗ್ಯಾರೇಜಿನವನು ‘ನಡೀತದ ಬಿಡ್ರಿ’ ಅಂದ ಅಂತ ಸೀಟು ಕಿತ್ತು ಮಂಚ ಹಾಕಿಸಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯ ರೂಪ ಬದಲಿಸಲು ಆರ್‌ಟಿಓ ಒಪ್ಪಿಗೆ ಬೇಕು. ಇಲ್ಲದಿದ್ದರೆ ನಾಳೆ ಏನಾದರೂ ಆದಾಗ ವಿಮೆಯವರು ಕೈ ಎತ್ತುತ್ತಾರೆ. ನಿಮ್ಮ ಮನೆಯವರು ಐವತ್ತೆಂಟನೇ ವಯಸ್ಸಿಗೆ ಡ್ರೈವಿಂಗ್ ಕಲಿತರು ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ಇಡೀ ಪತ್ರದಲ್ಲಿ ನನಗೆ ಹಿಡಿಸಿದ ಸಾಲು ಅದು. ಕಾರಿನ ಲೈಸೆನ್ಸ್ 7,500 ಕೆಜಿ ಒಳಗಿನ ಗಾಡಿಗೆ ನಡೆಯುತ್ತದೆ. ಸ್ಟಿಯರಿಂಗ್ ಅವರಿಗೇ ಬಿಟ್ಟುಕೊಡಿ.

ಮಳೆಗಾಲದಲ್ಲಿ ನವಲಗುಂದ, ರೋಣದ ಕಡೆ ಡಾಂಬರು ಬಿಟ್ಟು ಇಳಿಯಬೇಡಿ. ಎರೆ ಮಣ್ಣು ಟ್ರ್ಯಾಕ್ಟರನ್ನೇ ನುಂಗುತ್ತದೆ. ಸುಗ್ಗಿ ಮುಗಿಯಲಿ. ಆಗ ನಮ್ಮ ಹೊಲ ಖಾಲಿ ಇರುತ್ತದೆ. ಬಾವಿ ಇದೆ, ಬೇವಿನ ಮರವಿದೆ. ಕುರಿಯವರು ಇಳಿಯುತ್ತಿದ್ದ ಜಾಗದಲ್ಲೇ ಗಾಡಿ ನಿಲ್ಲಿಸಿ. ಎಷ್ಟು ದಿನ ಅಂತ ಯಾರೂ ಕೇಳುವುದಿಲ್ಲ. ಅಣ್ಣನವರನ್ನೂ ಕರೆತನ್ನಿ, ರೊಟ್ಟಿ ನಮ್ಮ ಮನೆಯದು.

— ಸಂ.