ಹೊಸ ತಾಮ್ರದ ಚರಗಿಗೆ ಹಳೇ ಕಾಲದ ಕಪ್ಪು ಬಣ್ಣ ಮನ್ಯಾಗ ತರಬೋದಾ?

ಬಳ್ಳಾರಿಯಾಗ ಹೊಸ ಮನಿ ಕಟ್ಸೀನಿ, ಷೋಕೇಸಿಗೆ ಅಂತ ತಗೊಂಡ ತಾಮ್ರದ ಚರಗಿ ಥಳಥಳ ಹೊಳಿತೈತಿ, ಅಜ್ಜಿ ಕಾಲದ್ದರಂಗ ಕಪ್ಪಗ ಕಾಣ್ಬೇಕು ಅಂದ್ರ ಏನ್ ಮಾಡ್ಲಿ ಅಂತ ಕೇಳೀರಿ. ಆಗ್ತೈತ್ರಿ. ನಾನು ಕೊಪ್ಪಳದಾಗ ನಮ್ ಮನ್ಯಾಗ ನಾಕೈದು ಸಾಮಾನಿಗೆ ಮಾಡೀನಿ, ಮೊದ್ಲ ತತ್ತಿಯಿಂದ ಮಾಡಿ ನೋಡ್ರಿ, ಕೆಮಿಕಲ್ ಆಮ್ಯಾಲೆ.

ಆ ಕಪ್ಪು ಹಚ್ಚಿದ ಬಣ್ಣ ಅಲ್ಲ, ತಾಮ್ರಕ್ಕ ಗಂಧಕ ತಾಗಿ ಮ್ಯಾಲೆ ಕುಂದ್ರೋ ತೆಳ್ಳನ ಪದರ, ತಾಮ್ರದ ಸಲ್ಫೈಡ್ ಅಂತಾರ. ಬೇಯ್ಸಿದ ತತ್ತಿ ಒಡೆದಾಗ ವಾಸನಿ ಬರ್ತೈತಲ್ಲ, ಹೈಡ್ರೋಜನ್ ಸಲ್ಫೈಡ್, ಅದ ಈ ಕೆಲಸ ಮಾಡೋದು. ಹಸಿರು ಕಿಲುಬು ಬ್ಯಾರೆ, ಅದು ತೇವ, ಉಪ್ಪು, ಹುಳಿ ಸೇರಿ ಬರೋದು, ವಿಷ ಅದು, ಅದರ ಗೊಡವಿ ಬ್ಯಾಡ.

ಎಲ್ಲಾದಕ್ಕಿಂತ ದೊಡ್ಡ ಕೆಲಸ ತೊಳಿಯೋದು. ಹೊಸ ಸಾಮಾನಿಗೆ ಹೊಳಪು ಹೋಗ್ಬಾರದು ಅಂತ ಲ್ಯಾಕರ್, ಅಂದ್ರ ವಾರ್ನಿಷ್‌ನಂಥ ಪಾರದರ್ಶಕ ಲೇಪ, ಹೊಡ್ದಿರ್ತಾರ, ಅದಿದ್ರ ತಾಮ್ರಕ್ಕ ಏನೂ ತಾಗಂಗಿಲ್ಲ, ನೇಲ್ ಪಾಲಿಷ್ ತಗಿಯೋ ಅಸಿಟೋನ್ ಹಚ್ಚಿ ಅರಬಿಯಿಂದ ಒರಸ್ರಿ. ಹಂಗ ಒಂದು ಅಯಸ್ಕಾಂತ ಹಿಡಿದು ನೋಡ್ರಿ, ಅಂಟಿತು ಅಂದ್ರ ಒಳಗ ಕಬ್ಬಣ, ಮ್ಯಾಲಷ್ಟ ತಾಮ್ರದ ನೀರು, ಅದನ್ನ ಜೋರಾಗಿ ತಿಕ್ಕಬ್ಯಾಡ್ರಿ. ಆಮ್ಯಾಲೆ ಹುಣಸಿಹಣ್ಣು ಉಪ್ಪು ಹಚ್ಚಿ ತಿಕ್ಕಿ, ಸೋಪಿನ ನೀರಾಗ ತೊಳೆದು ಒಣಗ್ಸಿ, ಅಲ್ಲಿಂದ ಮುಂದ ಬರಿಗೈಲೆ ಮುಟ್ಟಬ್ಯಾಡ್ರಿ. ನಾನು ಮೊದಲ್ನೇ ಚರಗಿ ಕಂಠ ಹಿಡಿದು ಎತ್ತಿದ್ದೆ, ಎಲ್ಲಾ ಕಪ್ಪಾಯ್ತು, ಹೆಬ್ಬೆಟ್ಟಿನ ಗುರುತು ಮಾತ್ರ ಗೆರಿ ಗೆರಿಯಾಗಿ ಕೆಂಪಗ ಹಂಗ ಉಳೀತು, ಕೈ ಎಣ್ಣಿ ಅಷ್ಟ ಸಾಕು.

ಮೂರ್ನಾಕು ತತ್ತಿ ಗಟ್ಟಿಯಾಗಿ ಬೇಯ್ಸಿ, ಬಿಸಿ ಇದ್ದಾಗ್ಲೇ ಸಿಪ್ಪಿ ಸಮೇತ ಹಿಚುಕಿ, ಮುಚ್ಚಳ ಬಿಗಿಯಾಗಿರೋ ಪ್ಲಾಸ್ಟಿಕ್ ಡಬ್ಬಿಯಾಗ ಹಾಕ್ರಿ, ನಡುವ ಒಂದು ಬಟ್ಲು ಬೋರಲು ಹಾಕಿ ಅದರ ಮ್ಯಾಲೆ ಚರಗಿ ಇಡ್ರಿ, ತತ್ತಿ ತಾಗಿದ್ರ ಅಲ್ಲೇ ಕಲಿ ಬೀಳ್ತೈತಿ. ಮೊದ್ಲ ಬಂಗಾರದಂಗ ಹಳದಿ ಬರ್ತೈತಿ, ಆಮ್ಯಾಲೆ ಕೆಂಪು, ನೇರಳಿ, ಕೆಲವು ಕಡೆ ನವಿಲುಗರಿಯಂಗ ನೀಲಿ, ಕಡೀಗೆ ಕಂದು. ನಮ್ಮ ಕಡೆ ಬ್ಯಾಸಿಗಿ ಬಿಸಿಲಾಗ ಬ್ಯಾಗ ಆಗ್ತೈತಿ, ಚಳಿಗಾಲದಾಗ ರಾತ್ರಿಯೆಲ್ಲಾ ಬಿಡ್ಬೇಕು. ಸಾಲ್ಲಿಲ್ಲ ಅಂದ್ರ ತತ್ತಿ ಬದಲಾಯ್ಸಿ ಮತ್ತ ಇಡ್ರಿ. ಡಬ್ಬಿ ತಗಿಯೋದು ಮಾತ್ರ ಅಂಗಳದಾಗ.

ಇದಕ್ಕಿಂತ ಕಪ್ಪು ಬೇಕಾದ್ರ ಆನ್‌ಲೈನ್‌ನ್ಯಾಗ ಲಿವರ್ ಆಫ್ ಸಲ್ಫರ್ ಅನ್ನೋ ಗಂಧಕದ ಕೆಮಿಕಲ್ ಸಿಗ್ತೈತಿ. ಅರ್ಧ ಲೀಟರ್ ಬಿಸಿ ನೀರಿಗೆ, ಕುದಿಯೋ ನೀರಲ್ಲ, ಒಂದು ಬಟಾಣಿ ಕಾಳಿನಷ್ಟು ಸಾಕು. ಗ್ಲೌಸ್ ಹಾಕ್ಕೊಂಡು ಕೆಲವು ಸೆಕೆಂಡ್ ಅದ್ದಿ ತಗೀರಿ, ತಣ್ಣೀರಾಗ ತೊಳೀರಿ, ಮತ್ತ ಅದ್ದ್ರಿ. ಒಂದೇ ಸಲ ದಟ್ಟಗ ಕಪ್ಪು ಮಾಡಿದ್ರ ಆ ಪದರ ಹಕ್ಕಳಿಯಂಗ ಎದ್ದು ಬರ್ತೈತಿ, ಹಿಂಗಾಗಿ ತೆಳ್ಳಗ ಐದಾರು ಸಲ ಮಾಡೋದ ಬೇಷ್. ಆ ನೀರಿಗೆ ಲಿಂಬಿಹಣ್ಣು, ವಿನೆಗರ್ ಯಾವ ಹುಳಿನೂ ಬೀಳ್ಬಾರದ್ರಿ, ವಿಷದ ಗಾಳಿ ಒಮ್ಮೆಲೇ ಎದ್ದು ಬರ್ತೈತಿ, ಮಕ್ಕಳನ್ನ ಹತ್ರ ಬಿಡ್ಬ್ಯಾಡ್ರಿ. ಕಡೀಗೆ ಅಡಿಗಿ ಸೋಡಾ ಕಲಸಿದ ನೀರಾಗ ಅದ್ದಿ ತೊಳೀರಿ.

ಒಣಗಿದ ಮ್ಯಾಲೆ ಸಣ್ಣ ಎಳಿಯ ಸ್ಟೀಲ್ ವುಲ್‌ನಿಂದ, ಅಂದ್ರ ಉಕ್ಕಿನ ನಾರಿನಿಂದ, ಉಬ್ಬಿದ ಕಡೆ, ಕಂಠದ ಅಂಚಿಗೆ, ಹೊಟ್ಟಿ ಮ್ಯಾಲೆ ಹಗುರ ತಿಕ್ರಿ. ಕೈ ಆಡಿ ಸವೆದ ಕಡೆ ತಾಮ್ರ ಇಣುಕಿ, ಗೆರಿ ಒಳಗ ಕಪ್ಪು ಉಳೀಬೇಕು, ಆವಾಗ ಅಜ್ಜಿ ಚರಗಿ ಕಂಡಂಗ ಆಗ್ತೈತಿ. ಮ್ಯಾಲೆ ಜೇನುಮೇಣ ತೆಳ್ಳಗ ಹಚ್ಚಿ ಅರಬಿಯಿಂದ ಉಜ್ಜ್ರಿ, ಕೊಬ್ಬರಿ ಎಣ್ಣಿ ಬ್ಯಾಡ, ಧೂಳು ಹಿಡಿದು ಜಿಗಟಾಗ್ತೈತಿ.

ಹಿಂಗ ಮಾಡಿದ ಚರಗಿಯಾಗ ನೀರು ಕುಡಿಯೋದು, ಪೂಜಿ ತೀರ್ಥಕ್ಕ ಇಡೋದು ಬ್ಯಾಡ್ರಿ, ಷೋಕೇಸಿಗಷ್ಟ. ಮನ್ಯಾಗ ಪಾತ್ರಿ ತಿಕ್ಕೋರಿಗೂ ಮೊದ್ಲ ಹೇಳಿಡ್ರಿ, ಕಪ್ಪಾಗೈತಿ ಅಂತ ಪೀತಾಂಬರಿ ಹಚ್ಚಿ ತಿಕ್ಕಿದ್ರ ಎರಡು ದಿನದ ಕೆಲಸ ಐದು ನಿಮಿಷದಾಗ ಹೋಗ್ತೈತಿ.